ಅಂಕಿ ಹೇಳಿದ್ದು, ಕಣ್ಣು ಕಂಡಿದ್ದು

ಪ್ರಶ್ನೆ: ನಮ್ಮ ಫುಟ್‌ಬಾಲ್ ತಂಡದ ಸ್ಟ್ರೈಕರ್ ಐದು ಪಂದ್ಯಗಳಿಂದ ಗೋಲು ಹೊಡೆದಿಲ್ಲ. ಆದರೂ ಅವನ ಎಕ್ಸ್‌ಜಿ ಚೆನ್ನಾಗಿದೆ ಎಂದು ಅನಲಿಸ್ಟ್ ಹೇಳುತ್ತಾರೆ. ಅವನನ್ನು ಬೆಂಚಿನಲ್ಲಿ ಕೂರಿಸು ಎನ್ನುತ್ತಿದೆ ನನ್ನ ಮನಸ್ಸು. ಯಾವುದನ್ನು ನಂಬಲಿ?

ಉತ್ತರ: ಈಗಲೇ ಕೂರಿಸಬೇಡಿ. ಒಂದು ಹೊಡೆತ ಗೋಲಾಗುವ ಸಾಧ್ಯತೆಯನ್ನು, ಮುಖ್ಯವಾಗಿ ದೂರ ಮತ್ತು ಕೋನದ ಆಧಾರದ ಮೇಲೆ, 0ಯಿಂದ 1ರೊಳಗೆ ಅಳೆಯುವುದೇ ಎಕ್ಸ್‌ಜಿ. ಪೆನಾಲ್ಟಿಗೆ ಅದು 0.75ಕ್ಕಿಂತ ತುಸು ಹೆಚ್ಚು. ನಿಮ್ಮ ಹುಡುಗ ಐದು ಪಂದ್ಯಗಳಲ್ಲಿ 15 ಸಲ ಹೊಡೆದಿದ್ದು, ಪ್ರತಿ ಹೊಡೆತದ ಬೆಲೆ 0.1 ಎಂದಿಟ್ಟುಕೊಳ್ಳಿ. ಆಗ ಒಂದೂ ಗೋಲು ಬಾರದೆ ಹೋಗುವ ಸಾಧ್ಯತೆ ಶೇ 20ರಷ್ಟು. ಅಂದರೆ ಚೆನ್ನಾಗಿ ಆಡುವವನಿಗೂ ಇಂಥ ಬರಗಾಲ ಬರುತ್ತದೆ.

ನೋಡಬೇಕಾದದ್ದು ಗೋಲಿನ ಲೆಕ್ಕವನ್ನಲ್ಲ, ಹೊಡೆತಗಳ ಲೆಕ್ಕವನ್ನು. ಪಂದ್ಯಕ್ಕೆ ಮೂರು ಇದ್ದದ್ದು ಒಂದಕ್ಕೆ ಇಳಿದಿದ್ದರೆ, ಎದುರಾಳಿಯ ಗೋಲಿನ ಮುಂದಿನ ಬಾಕ್ಸ್ ಒಳಗೆ ಚೆಂಡು ಮುಟ್ಟುವುದೂ ಕಡಿಮೆಯಾಗಿದ್ದರೆ ಆಗ ಚಿಂತಿಸಿ. ನಿಮ್ಮ ಕಣ್ಣಿಗೆ ಕೆಲಸವಿರುವುದೂ ಇಲ್ಲೇ. ಸರಳ ಎಕ್ಸ್‌ಜಿ ಮಾದರಿಗಳು ಡಿಫೆಂಡರ್ ಎಷ್ಟು ಹತ್ತಿರವಿದ್ದ, ಗೋಲ್‌ಕೀಪರ್ ಎಲ್ಲಿ ನಿಂತಿದ್ದ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಿಡಿಯೊ ಹಾಕಿ, ಆ 15 ಹೊಡೆತಗಳನ್ನಷ್ಟೇ ನೋಡಿ. ಮೊದಲ ಸ್ಪರ್ಶದಲ್ಲೇ ಚೆಂಡು ದೂರ ಹೋಗುತ್ತಿದೆಯೇ? ಒಂದು ಕಾಲನ್ನು ಊರಲು ಹಿಂಜರಿಯುತ್ತಿದ್ದಾನೆಯೇ? ಹೌದಾದರೆ ಫಿಸಿಯೊ ಹತ್ತಿರ ಕಳಿಸಿ. ಅಲ್ಲವಾದರೆ ಆಡಿಸಿ.

ಪ್ರಶ್ನೆ: 65ನೇ ನಿಮಿಷಕ್ಕೆ ನಮ್ಮ ಮಿಡ್‌ಫೀಲ್ಡರ್ ಓಟ ಕಡಿಮೆಯಾಗಿದೆ ಎಂದು ಆಟಗಾರರು ತೊಡುವ ಜಿಪಿಎಸ್ ಸಾಧನ ತೋರಿಸಿತು. ಕಣ್ಣಿಗೆ ಮಾತ್ರ ಆತ ಚುರುಕಾಗಿಯೇ ಕಂಡ. ಬದಲಿಸಬೇಕಿತ್ತೇ?

ಉತ್ತರ: ಆಗ ನೀವು ಮುನ್ನಡೆಯಲ್ಲಿದ್ದಿರೇ? ಗೋಲು ಮುಂದಿರುವ ತಂಡ ಹಿಂದೆ ಸರಿದು ಆಡಿದರೆ, ದಣಿವಿಲ್ಲದಿದ್ದರೂ ಓಡಿದ ದೂರ ತಗ್ಗುತ್ತದೆ. ಒಟ್ಟು ದೂರ ನೋಡಿ ಆಟಗಾರನನ್ನು ಬದಲಿಸುವವರು ಎಡವುವುದು ಬಹುತೇಕ ಇದರಲ್ಲೇ. ಕಳೆದ 15 ನಿಮಿಷಗಳ ಸ್ಪ್ರಿಂಟ್‌ಗಳನ್ನು ಅವನದೇ ಹಿಂದಿನ ಪಂದ್ಯಗಳ ಅದೇ ಅವಧಿಯೊಂದಿಗೆ ಹೋಲಿಸಿ, ತಂಡದ ಸರಾಸರಿಯೊಂದಿಗಲ್ಲ. ಜೊತೆಗೆ ಎರಡು ಸಂಗತಿಗಳನ್ನು ಕಣ್ಣಿನಿಂದಲೇ ಗಮನಿಸಿ: ಚೆಂಡು ಕಳೆದುಕೊಂಡ ಮೇಲೆ ತಕ್ಷಣ ಹಿಂದೆ ಓಡುತ್ತಾನೋ ಇಲ್ಲವೋ, ಪಾಸ್ ಬರುವ ಮೊದಲು ತಲೆ ತಿರುಗಿಸಿ ಸುತ್ತ ನೋಡುತ್ತಾನೋ ಇಲ್ಲವೋ. ಮೂರರಲ್ಲಿ ಎರಡು ಕೆಟ್ಟಿದ್ದರೆ ಬದಲಿಸಿ ಎಂಬುದು ನಮ್ಮ ಸಲಹೆ. ಈ ನಿಯಮವನ್ನು ಪಂದ್ಯಕ್ಕೆ ಮುಂಚೆಯೇ ಸಹಾಯಕ ಕೋಚ್ ಜೊತೆ ಕೂತು ತೀರ್ಮಾನಿಸಿಕೊಳ್ಳಿ. ಗದ್ದಲದ ನಡುವೆ ಹೊಸ ನಿಯಮ ಹೊಳೆಯುವುದಿಲ್ಲ, ಹೊಳೆದರೂ ಅದು ಆ ಕ್ಷಣದ ಭಯದಿಂದ ಬಂದದ್ದಾಗಿರುತ್ತದೆ.

ಪ್ರಶ್ನೆ: ಪೆನಾಲ್ಟಿ ಶೂಟೌಟ್‌ನಲ್ಲಾದರೂ ಧೈರ್ಯವೇ ಮುಖ್ಯವಲ್ಲವೇ?

ಉತ್ತರ: ಧೈರ್ಯ ಬೇಕು, ಸಿದ್ಧತೆಯೂ ಬೇಕು. 2014ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಕೋಸ್ಟರಿಕಾ ವಿರುದ್ಧ ನೆದರ್‌ಲೆಂಡ್ಸ್ ಕೋಚ್ ಲೂಯಿ ವಾನ್ ಗಾಲ್ ಶೂಟೌಟ್‌ಗೆಂದೇ ಗೋಲ್‌ಕೀಪರ್ ಸಿಲೆಸನ್‌ರನ್ನು ಹೊರಗೆ ಕರೆದು ಟಿಮ್ ಕ್ರುಲ್‌ರನ್ನು ಇಳಿಸಿದರು. ಕ್ರುಲ್ ಐದೂ ಸಲ ಸರಿಯಾದ ದಿಕ್ಕಿಗೇ ಹಾರಿ ಎರಡು ತಡೆದರು. ಕ್ರುಲ್‌ಗೆ ಈ ಯೋಜನೆ ಮೊದಲೇ ಗೊತ್ತಿತ್ತು. ಆದರೆ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಆಗ ಅನುಮತಿಯಿದ್ದ ಮೂರೂ ಬದಲಾವಣೆಗಳು ಶೂಟೌಟ್‌ಗೆ ಮುನ್ನವೇ ಮುಗಿದಿದ್ದರಿಂದ ಅದೇ ಉಪಾಯಕ್ಕೆ ಅವಕಾಶವೇ ಇರಲಿಲ್ಲ.

2006ರ ವಿಶ್ವಕಪ್ ಶೂಟೌಟ್‌ನಲ್ಲಿ ಜರ್ಮನಿಯ ಗೋಲ್‌ಕೀಪರ್ ಲೇಮನ್ ಕಾಲುಚೀಲದಲ್ಲಿ ಇಟ್ಟುಕೊಂಡಿದ್ದ ಚೀಟಿಯಲ್ಲಿ ಅರ್ಜೆಂಟೀನಾದ ಹೊಡೆತಗಾರರ ವಿವರವಿತ್ತು. ಕೊನೆಗೆ ಹೊಡೆಯಲು ಬಂದ ಕಾಂಬಿಯಾಸೊ ಹೆಸರು ಅದರಲ್ಲಿ ಇರಲಿಲ್ಲ. ಆದರೂ ಲೇಮನ್ ಚೀಟಿ ನೋಡಿ, ಹೊಡೆತವನ್ನು ತಡೆದರು. ನಿಮ್ಮ ಕೀಪರ್‌ಗೂ ಚೀಟಿ ಕೊಡಿ, ಆದರೆ ಹೆಸರಿಲ್ಲದವನು ಬಂದಾಗ ಅವನ ಓಟದ ಕೋನ, ಊರಿದ ಕಾಲಿನ ದಿಕ್ಕು ಓದುವುದನ್ನು ಅಭ್ಯಾಸದಲ್ಲೇ ಕಲಿಸಿ.

ಪ್ರಶ್ನೆ: ನಮ್ಮಲ್ಲಿ ಜಿಪಿಎಸ್ಸೂ ಇಲ್ಲ, ಅನಲಿಸ್ಟೂ ಇಲ್ಲ.

ಉತ್ತರ: ಒಂದು ಹಾಳೆ ಸಾಕು. ಮೈದಾನದ ಚಿತ್ರ ಬರೆದು ಎರಡೂ ತಂಡಗಳ ಹೊಡೆತಗಳಿಗೆ ಚುಕ್ಕಿ ಇಡಿ, ಗೋಲಾದರೆ ಸುತ್ತ ವೃತ್ತ. ಅದೇ ಹಾಳೆಯ ಹಿಂದೆ, ಪಂದ್ಯಕ್ಕೆ ಮುಂಚೆ, ನಿಮ್ಮ ಅನಿಸಿಕೆಯನ್ನು ಕಾರಣ ಸಮೇತ ಒಂದು ಸಾಲಿನಲ್ಲಿ ಬರೆದಿಡಿ: ‘ಅವರ ಎಡ ಬ್ಯಾಕ್ ನಿಧಾನ, ಆ ಕಡೆಯಿಂದ ಆಡೋಣ’. ಹತ್ತು ಪಂದ್ಯಗಳ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿದರೆ, ನಿಮ್ಮ ಕಣ್ಣು ಎದುರಾಳಿಯ ದೌರ್ಬಲ್ಯವನ್ನು ಸರಿಯಾಗಿ ಹಿಡಿಯುತ್ತದೋ, ಸ್ವಂತ ಆಟಗಾರರನ್ನು ಅಳೆಯುವಾಗ ತಪ್ಪುತ್ತದೋ ಎಂಬ ಸುಳಿವು ಸಿಗುತ್ತದೆ. ಪಂದ್ಯ ಮುಗಿದ ಮೇಲೆ ಆ ಸಾಲನ್ನು ತಿದ್ದಬೇಡಿ.