ಕುರ್ಚಿ ಎಷ್ಟಿತ್ತು?

ನಿಮ್ಮ ‘ಮೂವರ ಮನೆ’ ಲೇಖನ ಓದಿದೆ. ಪರಸ್ಪರ ಒಪ್ಪಿಗೆಯಿಂದಲೇ ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿರುವವರ ಬಗ್ಗೆ ಮುಜುಗರವಿಲ್ಲದೆ ಬರೆದಿದ್ದೀರಿ. ಭಾಷೆ ಚೆನ್ನಾಗಿದೆ. ಹೊಗಳಿಕೆ ಇಷ್ಟೇ. ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು.

“ಅಮೆರಿಕದ ಪ್ರತಿ ಐದು ದಂಪತಿಗಳಲ್ಲಿ ಒಂದು ಜೋಡಿ ಇಂದು ಹೀಗೆ ಬದುಕುತ್ತಿದೆ ಎನ್ನುತ್ತದೆ ಮನಶ್ಶಾಸ್ತ್ರ.”

ಮನಶ್ಶಾಸ್ತ್ರ ಏನೂ ಅನ್ನುವುದಿಲ್ಲ ಮಾರಾಯ್ರೇ. ಯಾರೋ ಕೆಲವರು ಯಾರನ್ನೋ ಕೇಳಿರುತ್ತಾರೆ. ನಿಮ್ಮ ಅಂಕಿಯ ಮೂಲ 2017ರ ಒಂದು ಅಧ್ಯಯನ. ಅದರಲ್ಲಿ ಕೇಳಿದ್ದು ದಂಪತಿಗಳನ್ನಲ್ಲ, ಆಗ ಮದುವೆಯ ಬಂಧದಲ್ಲಿ ಇಲ್ಲದ 8,000ಕ್ಕೂ ಜಾಸ್ತಿ ಅಮೆರಿಕನ್ನರನ್ನು. ಶೇ. 20ಕ್ಕಿಂತ ತುಸು ಹೆಚ್ಚು ಮಂದಿ ‘ಹೌದು’ ಅಂದದ್ದು ಜೀವನದಲ್ಲಿ ಯಾವಾಗಲಾದರೂ ಇಂಥ ಸಂಬಂಧದಲ್ಲಿ ಇದ್ದಿರಾ ಎಂಬ ಪ್ರಶ್ನೆಗೆ. ‘ಯಾವಾಗಲಾದರೂ’ ಹೋಗಿ ‘ಇಂದು’ ಬಂತು. ಒಂಟಿ ಜನರಿಗೆ ನೀವೇ ಮದುವೆ ಮಾಡಿಸಿಬಿಟ್ಟಿರಿ!

ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತಾ, ಕನ್ನಡ ರಾತ್ರಿಶಾಲೆಯಲ್ಲಿ ಓದುತ್ತಾ ಒಂದು ವಾರಪತ್ರಿಕೆಗೆ ನಾನು ಮೊದಲ ವರದಿ ಬರೆದೆ. ಮಾಟುಂಗದಲ್ಲಿ ಯಕ್ಷಗಾನ, “ಎರಡು ಸಾವಿರ ಜನ ಸೇರಿದ್ದರು.” ಸಂಪಾದಕರು ಕನ್ನಡಕದ ಮೇಲಿಂದ ನೋಡಿ, “ಕುರ್ಚಿ ಎಷ್ಟಿತ್ತು?” ಅಂದರು. ಮರುದಿನ ಹೋಗಿ ಎಣಿಸಿದೆ. ಮುನ್ನೂರ ಹತ್ತು. ಅದರಲ್ಲೂ ಹಿಂದಿನ ಎರಡು ಸಾಲು ಖಾಲಿ ಇದ್ದದ್ದು ಆಗ ನೆನಪಾಯಿತು. ಬಸ್ಸಿಗೆ ಕೊಟ್ಟ ದುಡ್ಡು ದಂಡ ಅನ್ನಿಸಿತ್ತು, ಸುಳ್ಳೇಕೆ.

ಇನ್ನೊಂದು ಸಾಲು: “ಪ್ರೀತಿಗೆ ಐದು ಭಾಷೆಗಳಿವೆ ಎಂದು ಸಂಶೋಧನೆ ಸಾಬೀತುಪಡಿಸಿದೆ.” ಇಲ್ಲ. ಮೆಚ್ಚುಗೆಯ ಮಾತು, ಜೊತೆಗೆ ಕಳೆಯುವ ಸಮಯ, ಉಡುಗೊರೆ, ಸೇವೆ, ಸ್ಪರ್ಶ ಎಂದು ಪ್ರೀತಿ ತೋರಿಸುವ ಐದು ಬಗೆ ಹೇಳುವ ಆ ಪುಸ್ತಕವನ್ನು 1992ರಲ್ಲಿ ಬರೆದ ಗ್ಯಾರಿ ಚಾಪ್ಮನ್ ಅಮೆರಿಕದ ಚರ್ಚಿನ ಪಾದ್ರಿ. ತಮ್ಮ ಹತ್ತಿರ ಸಲಹೆಗೆ ಬಂದ ಗಂಡಹೆಂಡಿರನ್ನು ನೋಡಿ ಬರೆದರು. ಐದೇ ಬಗೆ, ಒಬ್ಬರಿಗೆ ಒಂದೇ ಮುಖ್ಯ ಭಾಷೆ, ಇಬ್ಬರದೂ ಹೊಂದಿದರೆ ಸುಖ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ ಎಂದು ಮನಶ್ಶಾಸ್ತ್ರದ ಸಂಶೋಧಕಿ ಎಮಿಲಿ ಇಂಪೆಟ್ ಮತ್ತು ಜೊತೆಗಾರರು 2024ರಲ್ಲಿ ತೋರಿಸಿದ್ದಾರೆ.

ನನಗೆ ಬೇಜಾರು ಅದಲ್ಲ. ನಿಮ್ಮ ಡೊಂಬಿವಿಲಿ ಗೆಳತಿಯ ಮನೆ ಬಾಗಿಲಲ್ಲಿ ಮಳೆಗಾಲದಲ್ಲಿ ಮೂರು ಕೊಡೆ ಒಣಗುತ್ತವೆ. ಮುರಿದ ಕೊಡೆ ಅವಳ ಇನ್ನೊಬ್ಬ ಸಂಗಾತಿಯದು. ಅದರ ಕಡ್ಡಿಗೆ ತಂತಿ ಸುತ್ತುವವನು ಗಂಡ. ಇಷ್ಟು ಒಳ್ಳೆಯ ಸಂಗತಿಯನ್ನು ನೀವು “ಇದು ಸೇವೆಯ ಭಾಷೆ” ಅಂತ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಿದ್ದೀರಿ. ಅವನು ಯಾರಿಗೆ ಏನು ಹೇಳುತ್ತಿದ್ದ? ಹೆಂಡತಿಗೋ, ಆ ಇನ್ನೊಬ್ಬನಿಗೋ? ಅಥವಾ ಸುಮ್ನೆ, ಮುರಿದದ್ದು ನೋಡಲಾಗದ ಸ್ವಭಾವವೋ? ಕೇಳಿದ್ದೀರಾ ನೀವು?

ಲೇಖನ ವಾಪಸ್ ಕಳಿಸಿದ್ದೇನೆ. ಎರಡನೇ ಪುಟ ಹರಿದುಹಾಕಿ. ಒಂದು ಭಾನುವಾರ ಡೊಂಬಿವಿಲಿ ಲೋಕಲ್ ರೈಲು ಹಿಡಿದು ಹೋಗಿ ಕೇಳಿಕೊಂಡು ಬನ್ನಿ. ಸ್ಲೋ ಬೇಡ, ಫಾಸ್ಟ್ ಹಿಡಿಯಿರಿ.