ಗ್ಯಾಸ್ ಮಾತ್ರೆ ಎಲ್ಲಿಯವರೆಗೆ?

ಆಲೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮತ್ತೆ ಹೋದ ವರ್ಷ ನ್ಯುಮೋನಿಯಾ ಆಗಿ ಹಾಸನದಲ್ಲಿ ಆರು ದಿನ ಆಸ್ಪತ್ರೆಯಲ್ಲಿದ್ದರು. ದಿನಾ ಬೆಳಿಗ್ಗೆ ಗ್ಯಾಸಿಗೆ ಅಂತ ಇಂಜೆಕ್ಷನ್ ಕೊಟ್ಟರು. ಮನೆಗೆ ಬರುವಾಗ ಪ್ಯಾಂಟೊಪ್ರಜೋಲ್ 40 ಬರೆದುಕೊಟ್ಟರು. ಇವತ್ತಿಗೂ ಥೈರಾಯ್ಡ್ ಮಾತ್ರೆ ಜೊತೆ ಅದನ್ನು ನುಂಗುತ್ತಿದ್ದಾರೆ. ಈ ವರ್ಷ ಸ್ಟೆಂಟ್ ಹಾಕಿಸಿಕೊಂಡ ಮಾವನಿಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ಒಮೆಪ್ರಜೋಲ್ ಇದೆ. ಕಿಡ್ನಿ ಹಾಳಾಗುತ್ತದೆ ಅಂತ ಅಕ್ಕಪಕ್ಕದವರು ಹೆದರಿಸುತ್ತಾರೆ. ಇಬ್ಬರದ್ದೂ ನಿಲ್ಲಿಸಿಬಿಡಲಾ?"

ಮಾವನವರದ್ದು ಖಂಡಿತ ನಿಲ್ಲಿಸಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಒಟ್ಟಿಗೆ ತೆಗೆದುಕೊಳ್ಳುವವರಿಗೆ ಹೊಟ್ಟೆಯೊಳಗೆ ರಕ್ತ ಸೋರುವ ಭಯವಿದೆ. ವಯಸ್ಸಾದವರಿಗೆ ಅದು ಇನ್ನೂ ಜಾಸ್ತಿ. ಅವರಿಗೆ ಆಮ್ಲ ತಗ್ಗಿಸುವ ಮಾತ್ರೆಯೇ ಕಾವಲು. ಆದರೆ ಅವರಿಗೆ ಕೊಟ್ಟಿರುವುದು ಒಮೆಪ್ರಜೋಲ್. ಕ್ಲೋಪಿಡೋಗ್ರೆಲ್ ಲಿವರ್‌ನಲ್ಲಿ ಮಾರ್ಪಟ್ಟ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಹಾಗೆ ಮಾರ್ಪಡಿಸುವ ಕಿಣ್ವಕ್ಕೇ ಒಮೆಪ್ರಜೋಲ್ ಅಡ್ಡ ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಈ ಜೋಡಿಯ ಬಗ್ಗೆ ಎಚ್ಚರಿಸಿತ್ತು. ಪ್ಯಾಂಟೊಪ್ರಜೋಲ್‌ನಿಂದ ಈ ಅಡ್ಡಿ ತುಂಬಾ ಕಡಿಮೆ. ಹಾಗಂತ ಅತ್ತೆಯ ಸ್ಟ್ರಿಪ್ಪನ್ನು ಮಾವನಿಗೆ ಕೊಡಬೇಡಿ. ಈ ವಾರವೇ ಹೃದಯದ ಡಾಕ್ಟರನ್ನು ಕೇಳಿ, ಅವರೇ ಬದಲಿಸಲಿ.

ಅತ್ತೆಯವರ ಕಥೆ ಬೇರೆ. ಐಸಿಯುನಲ್ಲಿ ಎರಡು ದಿನಕ್ಕಿಂತ ಜಾಸ್ತಿ ವೆಂಟಿಲೇಟರ್ ಮೇಲಿರುವವರಿಗೆ, ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರಿಗೆ ಈ ಔಷಧಿ ಬೇಕಾಗುತ್ತದೆ. ಸಾಮಾನ್ಯ ವಾರ್ಡಿನಲ್ಲಿ ಇಡ್ಲಿ ತಿಂದು ಮಲಗಿರುವವರಿಗೆ ಬರೀ ಆ್ಯಂಟಿಬಯಾಟಿಕ್ ಹಾಕುತ್ತಾರೆ ಅನ್ನುವ ಕಾರಣಕ್ಕೆ ಬೇಕಿಲ್ಲ. ಆದರೂ ಡ್ರಿಪ್ ಜೊತೆ ಇದೂ ಒಂದು ಅನ್ನುವ ರೂಢಿ ಬಂದುಬಿಟ್ಟಿದೆ. ಇದಕ್ಕಿಂತ ನನಗೆ ನೋವಾಗುವುದು, ಡಿಸ್ಚಾರ್ಜ್ ಚೀಟಿಯಲ್ಲಿ "ಎಷ್ಟು ದಿನ" ಅಂತ ಬರೆಯದೇ ಇರುವುದು.

ನಮ್ಮಮ್ಮನಿಗೂ ಹೀಗೇ ಆಯಿತು. ಕಾಲಿನ ಆಪರೇಷನ್ ಆದಮೇಲೆ ಬರೆದುಕೊಟ್ಟ ಗ್ಯಾಸ್ ಮಾತ್ರೆ ಮೂರು ವರ್ಷ ನಡೆಯಿತು. ಮೆಡಿಕಲ್‌ನಲ್ಲಿ ಹಳೇ ಚೀಟಿ ತೋರಿಸಿದರೆ ಕೊಡುತ್ತಿದ್ದರು. ನಾನೂ ಸುಮ್ನೆ ತಂದುಕೊಡುತ್ತಿದ್ದೆ. ರಾತ್ರಿ ಮೀನಖಂಡ ಹಿಡಿದುಕೊಂಡು ಅಳುವಷ್ಟಾದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಮೆಗ್ನೀಸಿಯಂ ಇಳಿದುಹೋಗಿತ್ತು. ವರ್ಷಗಟ್ಟಲೆ ನುಂಗಿದರೆ ಬಿ12 ಕೂಡ ಕಡಿಮೆಯಾಗಬಹುದು. ಹೊಟ್ಟೆಯ ಆಮ್ಲ ರೋಗಾಣುಗಳನ್ನೂ ಕೊಲ್ಲುತ್ತದೆ, ಅದು ತಗ್ಗಿದರೆ ಕೆಲವು ಥರದ ಭೇದಿ ಬೇಗ ಹತ್ತಿಕೊಳ್ಳುತ್ತದೆ. ಅಕ್ಕಪಕ್ಕದವರು ಹೇಳಿದ ಕಿಡ್ನಿ ತೊಂದರೆಯೂ ಸುಳ್ಳಲ್ಲ, ಆದರೆ ಅಪರೂಪ.

ಥೈರಾಯ್ಡ್ ಮಾತ್ರೆ ಮೈಗೆ ಹತ್ತಲು ಹೊಟ್ಟೆಯಲ್ಲಿ ಆಮ್ಲ ಬೇಕು. ಗ್ಯಾಸ್ ಮಾತ್ರೆ ನಿಲ್ಲಿಸಿದ ಮೇಲೆ ಥೈರಾಯ್ಡ್ ಮಾತ್ರೆಯ ಡೋಸ್ ಬದಲಿಸಬೇಕಾಗಬಹುದು. ಆರೇಳು ವಾರ ಬಿಟ್ಟು ಟಿಎಸ್‌ಹೆಚ್ ಅನ್ನುವ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ.

ಅತ್ತೆಯವರಿಗೆ ಹಿಂದೆ ಹೊಟ್ಟೆ ಹುಣ್ಣು ಆಗಿತ್ತಾ, ಮಂಡಿ ನೋವಿಗೆ ಮಾತ್ರೆ ನುಂಗುತ್ತಾರಾ ಅನ್ನುವುದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಇದ್ದರೆ ಲೆಕ್ಕವೇ ಬೇರೆ, ಗ್ಯಾಸ್ ಮಾತ್ರೆ ಬೇಕಾಗಬಹುದು. ಇಲ್ಲದಿದ್ದರೂ ಒಮ್ಮೆಗೇ ಬಿಡಿಸಬೇಡಿ. ವರ್ಷ ಆಮ್ಲ ಅದುಮಿಟ್ಟ ಹೊಟ್ಟೆ, ಬಿಟ್ಟ ಕೂಡಲೇ ಜಾಸ್ತಿ ಆಮ್ಲ ಸುರಿಸುತ್ತದೆ. ಕೆಲವು ವಾರ ಎದೆ ಉರಿ, ಹುಳಿ ತೇಗು ಬರಬಹುದು. ಕಾಯಿಲೆ ಮರಳಿತು ಅಂತ ಹೆದರಿ ಮತ್ತೆ ಶುರು ಮಾಡುವವರೇ ಹೆಚ್ಚು. 40ರಿಂದ 20ಕ್ಕೆ ಇಳಿಸಿ, ಆಮೇಲೆ ದಿನ ಬಿಟ್ಟು ದಿನ ಕೊಟ್ಟು ಬಿಡಿಸುವುದುಂಟು. ಅದನ್ನು ಡಾಕ್ಟರ್ ನಿಮಗೆ ಬರೆದುಕೊಡಲಿ.

ಹೋಗುವಾಗ ಇಬ್ಬರ ಚೀಟಿಗಳನ್ನೂ ಎಲ್ಲಾ ಸ್ಟ್ರಿಪ್‌ಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಏನಾಯಿತು ಅಂತ ನಮಗೂ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ