ಕಾನೂನು ಪ್ರಶ್ನೋತ್ತರ: ಜೂಜಿನ ಮೂಗುದಾರ ಯಾರ ಕೈಯಲ್ಲಿದೆ?

ಪ್ರಶ್ನೆ: ನಮ್ಮ ತಾಲ್ಲೂಕು ಕೇಂದ್ರದಲ್ಲಿ ‘ರಿಕ್ರಿಯೇಷನ್ ಕ್ಲಬ್’ ಎಂದು ಬೋರ್ಡು ಹಾಕಿಕೊಂಡು ಹಗಲೂ ರಾತ್ರಿ ಹಣ ಕಟ್ಟಿಸಿ ಇಸ್ಪೀಟು ಆಡಿಸುತ್ತಾರೆ. ಠಾಣೆಗೆ ಹೋದರೆ ‘ರಮ್ಮಿ ಅಪರಾಧ ಅಲ್ಲ, ಸುಪ್ರೀಂ ಕೋರ್ಟೇ ಹೇಳಿದೆ’ ಎಂದು ವಾಪಸ್ ಕಳಿಸಿದರು. ಇದು ಸರಿಯೇ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಅರ್ಧ ಮಾತ್ರ ಸರಿ. ಆ ತೀರ್ಪು 1968ರದು, ಸಿಕಂದರಾಬಾದಿನ ಒಂದು ಕ್ಲಬ್ ಮೇಲೆ ನಡೆದ ದಾಳಿಯ ಪ್ರಕರಣ. ಬಿದ್ದ ಎಲೆಗಳನ್ನು ನೆನಪಿಟ್ಟುಕೊಂಡು ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕಬೇಕಾದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಕೋರ್ಟ್ ಹೇಳಿತು. ಮೂರೆಲೆಯ ಆಟ ಬರೀ ಅದೃಷ್ಟದ್ದು ಎಂದೂ ಹೇಳಿತು. ಇವೆರಡಕ್ಕಿಂತ ಮುಖ್ಯವಾದ ಇನ್ನೊಂದು ಮಾತು ಅದರಲ್ಲಿದೆ. ದುರದೃಷ್ಟಕ್ಕೆ ಅದನ್ನು ಠಾಣೆಯಲ್ಲಿ ಯಾರೂ ಹೇಳುವುದಿಲ್ಲ: ಪಣ ಕಟ್ಟಿ ಆಡುವ ಆಟದಿಂದ ಕ್ಲಬ್ ನಡೆಸುವವನು ಲಾಭ ಮಾಡಿಕೊಳ್ಳುತ್ತಿದ್ದರೆ, ಆಟ ರಮ್ಮಿಯೇ ಆಗಿದ್ದರೂ ಅಪರಾಧವಾಗಬಹುದು. ಇಸ್ಪೀಟು ಕಟ್ಟಿಗೆ, ಕೂತು ಆಡಿದ್ದಕ್ಕೆ ಇಷ್ಟು ಎಂದು ಸಣ್ಣ ಶುಲ್ಕ ತೆಗೆದುಕೊಂಡರೆ ತೊಂದರೆಯಿಲ್ಲ. ಪ್ರತಿ ಆಟದ ಮೊತ್ತದಿಂದ ನೂರಕ್ಕೆ ಇಷ್ಟೆಂದು ‘ಕಟ್’ ಎತ್ತಿದರೆ ವಿಷಯವೇ ಬೇರೆ.

ಹಾಗಾಗಿ ‘ಇಸ್ಪೀಟು ಆಡುತ್ತಾರೆ’ ಎಂದಷ್ಟೇ ಬರೆದ ದೂರಿಗೆ ಬಲವಿಲ್ಲ. ಯಾವ ಆಟ (ರಮ್ಮಿಯೋ, ಅಂದರ್-ಬಾಹರೋ, ತೀನ್ ಪತ್ತಿಯೋ), ಯಾವ ದಿನ, ಎಷ್ಟು ಗಂಟೆಗೆ, ಕಟ್ ಎತ್ತುವವರು ಯಾರು, ಟೋಕನ್‌ಗೆ ಹಣ ಕೊಡುವ ಕೌಂಟರ್ ಎಲ್ಲಿದೆ, ಸದಸ್ಯರಲ್ಲದವರನ್ನು ಒಳಗೆ ಬಿಡುತ್ತಾರೆಯೇ ಎಂಬುದನ್ನೆಲ್ಲ ಬರೆಯಿರಿ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 79ನೇ ಕಲಂ ಜೂಜಿನ ಅಡ್ಡೆ ನಡೆಸುವವರಿಗೆ, 80ನೇ ಕಲಂ ಅಲ್ಲಿ ಸಿಕ್ಕಿಬಿದ್ದವರಿಗೆ. 176ನೇ ಕಲಂ ಶುದ್ಧ ಕೌಶಲದ ಆಟಕ್ಕೆ ಈ ಎರಡರಿಂದಲೂ ವಿನಾಯಿತಿ ಕೊಡುತ್ತದೆ. ಕ್ಲಬ್‌ನವರು ಆ ವಿನಾಯಿತಿಯ ಹಿಂದೆ ನಿಲ್ಲದಂತೆ ನಿಮ್ಮ ದೂರು ಇರಬೇಕು.

ಇನ್ನೊಂದು ದಾರಿಯೂ ಇದೆ, ಅದನ್ನು ಬಳಸುವವರು ಕಡಿಮೆ. ಇಂಥ ಕ್ಲಬ್‌ಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿ ಆಗಿರುತ್ತವೆ. ಜಿಲ್ಲಾ ಸಂಘಗಳ ರಿಜಿಸ್ಟ್ರಾರ್ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಬೈಲಾ, ಸದಸ್ಯರ ಪಟ್ಟಿ, ಮೂರು ವರ್ಷದ ಆದಾಯ-ವೆಚ್ಚದ ಪಟ್ಟಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿದ್ದು, 150 ಪದ ಮೀರದಂತಿರಬೇಕು. ಉದ್ದವಾದರೆ ಅದೇ ನೆಪದಲ್ಲಿ ತಿರಸ್ಕರಿಸುತ್ತಾರೆ. ಬೈಲಾದಲ್ಲಿ ‘ಕ್ರೀಡೆ ಮತ್ತು ಸಂಸ್ಕೃತಿ’ ಎಂದಿದ್ದು, ಲೆಕ್ಕದಲ್ಲಿ ಬರೀ ಇಸ್ಪೀಟಿನ ಆದಾಯ ಕಂಡರೆ 25ನೇ ಕಲಂ ಅಡಿ ವಿಚಾರಣೆ ನಡೆಸಿ ಎಂದು ರಿಜಿಸ್ಟ್ರಾರ್‌ಗೆ ಬರೆಯಿರಿ. ಅವರು ತಾವಾಗಿಯೇ ವಿಚಾರಣೆ ಕೈಗೊಳ್ಳಬಹುದು.

ಪ್ರಶ್ನೆ: ಮಟಕಾ, ಜಾತ್ರೆಯ ಜೂಜು ಎಂದು ಪತ್ರಿಕೆಯಲ್ಲಿ ದಿನಾ ದಾಳಿಯ ಸುದ್ದಿ ಬರುತ್ತದೆ. ಆಮೇಲೆ ಹೈಕೋರ್ಟ್‌ನಲ್ಲಿ ಕೇಸೇ ರದ್ದಾಗುತ್ತದೆ. ಯಾಕೆ?
– ಓದುಗರು, ಕಲಬುರಗಿ

ಉತ್ತರ: ಜೂಜು ನಡೆದಿಲ್ಲ ಎಂದು ರದ್ದಾಗುವುದು ಅಪರೂಪ. ಕೇಸು ಬೀಳುವುದು ಕಾಗದದಲ್ಲಿ. ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಮಟಕಾದ 78(3), ಬೀದಿಯ ಜೂಜಿನ 87ನೇ ಕಲಂಗಳನ್ನು ಹೈಕೋರ್ಟ್ ಅಸಂಜ್ಞೇಯ ಅಪರಾಧವೆಂದು ಪರಿಗಣಿಸಿದೆ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹಿಂದೆ ಇದು ಅಪರಾಧ ಪ್ರಕ್ರಿಯೆ ಸಂಹಿತೆಯ (ಸಿಆರ್‌ಪಿಸಿ) 155(2)ರಲ್ಲಿತ್ತು, ಈಗ ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 174(2)ರಲ್ಲಿದೆ.

ನಡೆಯುತ್ತಿದ್ದದ್ದು ಹೀಗೆ: ಪೊಲೀಸರು ಒಂದು ಹಾಳೆಯಲ್ಲಿ ಕೋರಿಕೆ ಬರೆದು ಒಯ್ಯುತ್ತಾರೆ, ಮ್ಯಾಜಿಸ್ಟ್ರೇಟರು ಅದರ ಅಂಚಿನಲ್ಲಿ ‘ಪರ್ಮಿಟೆಡ್’ ಎಂದು ಒಂದೇ ಪದ ಬರೆದು ಸಹಿ ಹಾಕುತ್ತಾರೆ. ಇದು ವಿವೇಚನೆಯಿಂದ ಕೊಟ್ಟ ಆದೇಶವಲ್ಲ ಎಂದು 2019ರಲ್ಲಿ 87ನೇ ಕಲಂನ ಪ್ರಕರಣವೊಂದರಲ್ಲಿ ಹೈಕೋರ್ಟ್ ಹೇಳಿ, ಮ್ಯಾಜಿಸ್ಟ್ರೇಟರು ಏನೇನು ನೋಡಬೇಕೆಂದು ಸೂಚನೆಯನ್ನೂ ಕೊಟ್ಟಿತು. ಕೋರಿಕೆ ಬಂದದ್ದು ಹೇಗೆ, ಅಪರಾಧ ಯಾವುದು, ತನಿಖೆ ಯಾಕೆ ಬೇಕು ಎಂಬುದು ಪ್ರತ್ಯೇಕ ಆದೇಶದಲ್ಲಿ ಇರಬೇಕು. ಹೊಸ ಕಾನೂನು ಬೇಕೆಂದು ಕೂಗುವ ಮೊದಲು ಈ ಒಂದು ಹಾಳೆಯನ್ನು ಸರಿಯಾಗಿ ಬರೆಸಿದರೆ ಎಷ್ಟೋ ಕೇಸುಗಳು ಉಳಿಯುತ್ತವೆ.

ಪ್ರಶ್ನೆ: ಆನ್‌ಲೈನ್ ಜೂಜು ನಿಷೇಧಿಸಲು ಕರ್ನಾಟಕ ಕಾನೂನು ಮಾಡಿತ್ತಲ್ಲ, ಏನಾಯಿತು?
– ಓದುಗರು, ಬೆಂಗಳೂರು

ಉತ್ತರ: ಪೊಲೀಸ್ ಕಾಯ್ದೆಗೆ ತಂದ ಆ ತಿದ್ದುಪಡಿ 2021ರ ಅಕ್ಟೋಬರ್ 5ರಂದು ಜಾರಿಗೆ ಬಂತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ಕಾರಣ, ಕೌಶಲದ ಆಟಕ್ಕೆ ಪಣ ಕಟ್ಟುವುದನ್ನೂ ಜೂಜಿನ ವ್ಯಾಖ್ಯೆಯೊಳಗೆ ತುರುಕಿದ್ದು. ‘ಪಣ ಮತ್ತು ಜೂಜು’ ಸಂವಿಧಾನದ ರಾಜ್ಯಪಟ್ಟಿಯ 34ನೇ ಬಾಬತ್ತು, ಅಲ್ಲಿ ರಾಜ್ಯಕ್ಕೆ ಪೂರ್ಣ ಅಧಿಕಾರವಿದೆ. ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ಮೂಲಭೂತ ಹಕ್ಕಿನ ರಕ್ಷಣೆಯಿಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಕೌಶಲದ ಆಟ ಆ ಮಾತಿನ ಆಚೆಗಿದೆ ಎಂಬುದೇ ತೊಡಕು. ಪಣ ಮತ್ತು ಜೂಜಿನ ಬಗ್ಗೆ ಸಂವಿಧಾನಕ್ಕೆ ಒಪ್ಪುವ ಕಾನೂನು ತರಲು ಅಡ್ಡಿಯಿಲ್ಲ ಎಂದೂ ಹೈಕೋರ್ಟ್ ಹೇಳಿತ್ತು.

2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣದ ಆಟಗಳ ಮಟ್ಟಿಗೆ ಕೌಶಲ-ಅದೃಷ್ಟದ ಭೇದವನ್ನೇ ಕೈಬಿಟ್ಟಿದೆ. ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ ಎರಡು ವರ್ಷ, 50 ಲಕ್ಷ. ಆಡುವವರಿಗೆ ಶಿಕ್ಷೆಯಿಲ್ಲ. ಹಾಗಾಗಿ ಹಣ ಕಳೆದುಕೊಂಡವರು ದೂರು ಕೊಡಲು ಹೆದರಬೇಕಿಲ್ಲ.

ಪ್ರಶ್ನೆ: ಆದಾಯಕ್ಕಾಗಿ ರಾಜ್ಯ ಮತ್ತೆ ಲಾಟರಿ ಶುರುಮಾಡಿದರೆ ತಪ್ಪೇನು? ನಮ್ಮವರು ಹೇಗೂ ಕೇರಳದ ಟಿಕೆಟ್ ಕೊಳ್ಳುತ್ತಾರೆ.
– ಓದುಗರು, ಪುತ್ತೂರು

ಉತ್ತರ: ತಪ್ಪು ಇಲ್ಲಿದೆ. 1998ರ ಲಾಟರಿ ನಿಯಂತ್ರಣ ಕಾಯ್ದೆಯ 5ನೇ ಕಲಂ ಬೇರೆ ರಾಜ್ಯದ ಟಿಕೆಟ್ ಮಾರಾಟವನ್ನು ತಡೆಯುವ ಅಧಿಕಾರ ಕೊಡುತ್ತದೆ. ಆದರೆ ತಾನೇ ಲಾಟರಿ ನಡೆಸುವ ರಾಜ್ಯ ಉಳಿದವರದನ್ನು ತಡೆಯುವಂತಿಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕರ್ನಾಟಕ 2007ರಲ್ಲಿ ಲಾಟರಿಯನ್ನು ಪೂರ್ತಿ ನಿಲ್ಲಿಸಿದ್ದರಿಂದಲೇ ಹೊರಗಿನ ಟಿಕೆಟ್‌ಗಳಿಗೂ ಬಾಗಿಲು ಹಾಕಲು ಆಯಿತು. ಒಂದು ಸರ್ಕಾರಿ ಲಾಟರಿ ತೆರೆದರೆ ಎಲ್ಲ ರಾಜ್ಯಗಳ ಲಾಟರಿಗೂ ಬಾಗಿಲು ತೆರೆದಂತೆ. ಈ ಲೆಕ್ಕವನ್ನು ಆದಾಯದ ಲೆಕ್ಕದ ಜೊತೆಗೇ ಇಡಬೇಕು.

ಕಾಸರಗೋಡಿಗೆ ಹೋಗಿ ಟಿಕೆಟ್ ಕೊಂಡವರನ್ನು ನಮ್ಮ ಕಾನೂನು ಮುಟ್ಟುವುದಿಲ್ಲ. ಇಲ್ಲಿ ತಂದು ಮಾರಿದರೆ ಅಪರಾಧ. ವಾಟ್ಸ್‌ಆ್ಯಪ್‌ನಲ್ಲಿ ‘ಕೇರಳ ಲಾಟರಿ’ ಮಾರುವವರನ್ನು ನಂಬಬೇಡಿ. ಕೇರಳ ಸರ್ಕಾರ ಕಾಗದದ ಟಿಕೆಟ್ ಮಾತ್ರ ಮಾರುತ್ತದೆ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಗೋವಾದಂತೆ ನಮ್ಮ ಕರಾವಳಿಗೂ ಕ್ಯಾಸಿನೊ ಬರಬಹುದೇ?
– ಓದುಗರು, ಕಾರವಾರ

ಉತ್ತರ: ವಿಧಾನಮಂಡಲ ಕಾನೂನು ತಿದ್ದದೆ ಬರುವಂತಿಲ್ಲ. ಗೋವಾದಲ್ಲಿ ನಡೆದದ್ದನ್ನು ಗಮನಿಸಿ. 1976ರ ಜೂಜು ನಿಷೇಧ ಕಾಯ್ದೆಗೆ 1992ರಲ್ಲಿ 13ಎ ಎಂಬ ಒಂದೇ ಕಲಂ ಸೇರಿಸಿ ಪಂಚತಾರಾ ಹೋಟೆಲಿನಲ್ಲಿ ಸ್ಲಾಟ್ ಯಂತ್ರಕ್ಕೆ ಅವಕಾಶ ಕೊಟ್ಟರು. 1996ರಲ್ಲಿ ಅದೇ ಕಲಂಗೆ ನೀರಿನ ಮೇಲಿನ ಹಡಗುಗಳ ಟೇಬಲ್ ಆಟ ಸೇರಿತು. ಈಗ ಆ ಹಡಗುಗಳು ಪಣಜಿಯ ಎದುರಿಗೇ, ಮಾಂಡೋವಿ ನದಿಯಲ್ಲಿ ನಿಂತಿವೆ. ಇಡೀ ನಿಷೇಧ ಕಾಯ್ದೆ ಹಾಗೇ ಇದೆ, ಒಂದು ವಿನಾಯಿತಿ ಅದನ್ನು ನುಂಗಿದೆ.

ನಮ್ಮಲ್ಲಿ ಅಂಥ ವಿನಾಯಿತಿ ಬರುವುದಾದರೆ ಪೊಲೀಸ್ ಕಾಯ್ದೆಯ ‘ಗೇಮಿಂಗ್’ ವ್ಯಾಖ್ಯೆ ಇರುವ 2(7) ಅಥವಾ 176ನೇ ಕಲಂ ಮೂಲಕ ಬರುವ ಸಂಭವವೇ ಹೆಚ್ಚು. ಕುದುರೆ ರೇಸಿನ ವಿನಾಯಿತಿ ಇರುವುದೂ ಆ ವ್ಯಾಖ್ಯೆಯಲ್ಲೇ: ರೇಸಿನ ದಿನ, ಲೈಸೆನ್ಸ್ ಪಡೆದವರ ಆವರಣದೊಳಗೆ ಮಾತ್ರ. ಪ್ರವಾಸೋದ್ಯಮದ ಹೆಸರಿನ ಮಸೂದೆ ಬಂದರೂ ಕೊನೆಯ ಪುಟಗಳಲ್ಲಿರುವ ‘ಇತರ ಕಾಯ್ದೆಗಳಿಗೆ ತಿದ್ದುಪಡಿ’ ಓದಿ. ‘ಸರ್ಕಾರವು ಅಧಿಸೂಚನೆಯ ಮೂಲಕ ವಿನಾಯಿತಿ ನೀಡಬಹುದು’ ಎಂಬ ಸಾಲು ಕಂಡರೆ, ಮಸೂದೆ ಸದನದಲ್ಲಿ ಚರ್ಚೆಗೆ ಬರುವ ಮೊದಲೇ ನಿಮ್ಮ ಶಾಸಕರಿಗೆ ಲಿಖಿತವಾಗಿ ಆಕ್ಷೇಪಣೆ ಕೊಡಿ. ಆ ಸಾಲು ಒಮ್ಮೆ ಕಾನೂನಾದರೆ ಮುಂದಿನ ವಿನಾಯಿತಿಗಳಿಗೆ ಸದನದ ಒಪ್ಪಿಗೆಯೇ ಬೇಕಾಗುವುದಿಲ್ಲ.